ಪೊಟ್ಟಣದ ಮೇಲೆ ಬರೆದರೆ ಸಾಕೆ, ಬುದ್ಧಿ ಇದ್ದರೆ ಸಾಕೆ?
ಆಹಾರದ ಅಲರ್ಜಿ ಬಗ್ಗೆ ಸಂಘದ ಸದಸ್ಯೆಯರು ತಿಳಿದಿರಬೇಕಾದ ವಿಷಯ



ಇಂದು ನಮ್ಮ ಅನೇಕ ಸ್ವ-ಸಹಾಯ ಸಂಘಗಳು ಉಳಿತಾಯ, ಸಾಲ, ಮರುಪಾವತಿಯ ಜೊತೆಗೆ ತಿನ್ನುವ ಪದಾರ್ಥಗಳನ್ನೂ ತಯಾರಿಸಿ ಮಾರುತ್ತಿವೆ. ಚಟ್ನಿಪುಡಿ, ಸಾಂಬಾರ್ ಪುಡಿ, ಉಪ್ಪಿನಕಾಯಿ, ಹಪ್ಪಳ, ಚಿಕ್ಕಿ, ರಾಗಿ ಹುರಿಹಿಟ್ಟು, ಚಕ್ಕುಲಿ, ಕೋಡುಬಳೆ, ಕರಾವಳಿ ಕಡೆ ಸಿಗಡಿ ಚಟ್ನಿ – ಹೀಗೆ ಪಟ್ಟಿ ದೊಡ್ಡದಿದೆ. ಸಂತೆ, ಮೇಳ, ಪೇಟೆಯ ಅಂಗಡಿ ಎಲ್ಲಾ ಕಡೆ ನಮ್ಮ ಪೊಟ್ಟಣಗಳು ಹೋಗುತ್ತಿವೆ. ಇದು ಸಂತೋಷದ ವಿಷಯ.

ಆದರೆ ಪೊಟ್ಟಣಕ್ಕೆ ಚೀಟಿ ಅಂಟಿಸುವ ಮಾತು ಬಂದಾಗ ಸಭೆಯಲ್ಲಿ ಒಂದು ವಾದ ಎದ್ದೇ ಏಳುತ್ತದೆ. "ಕಡ್ಲೆಕಾಯಿ ಚಿಕ್ಕಿ ಮೇಲೆ ಕಡ್ಲೆಕಾಯಿ ಇದೆ ಅಂತ ಬೇರೆ ಬರೀಬೇಕೇನಕ್ಕಾ? ಕಣ್ಣಿಗೆ ಕಾಣೋದಿಲ್ವಾ? ಆಗದೋರು ತಿನ್ನಬಾರದು ಅಷ್ಟೆ. ಅಷ್ಟು ಬುದ್ಧಿ ಎಲ್ಲರಿಗೂ ಇರುತ್ತೆ" ಎಂದು ಕೆಲವರು. "ಸರ್ಕಾರ ಬರೀರಿ ಅಂದಿದೆ, ಬರೆದುಬಿಡೋಣ. ಆಮೇಲೆ ನಮ್ಮ ಜವಾಬ್ದಾರಿ ಮುಗೀತು" ಎಂದು ಇನ್ನು ಕೆಲವರು.

ಎರಡು ಮಾತಿನಲ್ಲೂ ಅರ್ಧ ಸತ್ಯ ಇದೆ. ಉಳಿದ ಅರ್ಧ ತಿಳಿಯದಿದ್ದರೆ ಯಾರದೋ ಮನೆಯ ಮಗುವಿನ ಜೀವಕ್ಕೆ ಅಪಾಯ ಆಗಬಹುದು. ಆದ್ದರಿಂದ ಈ ಸಲ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಅಲರ್ಜಿ ಎಂದರೇನು?

ನಮ್ಮ ದೇಹದೊಳಗೆ ರೋಗಾಣುಗಳ ಜೊತೆ ಹೋರಾಡುವ ಒಂದು ಕಾವಲು ವ್ಯವಸ್ಥೆ ಇದೆ. ಕೆಲವರಲ್ಲಿ ಈ ಕಾವಲು ತಪ್ಪು ತಿಳಿದು, ಹಾಲು, ಮೊಟ್ಟೆ, ಕಡಲೆಕಾಯಿಯಂಥ ಒಳ್ಳೆಯ ಆಹಾರದಲ್ಲಿರುವ ಪ್ರೋಟೀನನ್ನೇ ಶತ್ರು ಎಂದು ಭಾವಿಸುತ್ತದೆ. ಆಗ ದೇಹದಲ್ಲಿ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗುತ್ತವೆ. ತಿಂದ ಕೆಲವೇ ನಿಮಿಷದಲ್ಲಿ, ಅಥವಾ ಒಂದೆರಡು ಗಂಟೆಯೊಳಗೆ, ಮೈಮೇಲೆ ಗಂಧೆ ಏಳುವುದು, ತುಟಿ ಕಣ್ಣು ಊದಿಕೊಳ್ಳುವುದು, ವಾಂತಿ, ಹೊಟ್ಟೆನೋವು, ಗಂಟಲು ಬಿಗಿಯುವುದು, ಉಸಿರು ಸಿಕ್ಕಿಕೊಳ್ಳುವುದು, ರಕ್ತದ ಒತ್ತಡ ಇಳಿದು ತಲೆಸುತ್ತಿ ಬೀಳುವುದು ಆಗಬಹುದು. ಕೊನೆಯ ಮೂರು ಪ್ರಾಣಾಪಾಯದ ಲಕ್ಷಣಗಳು.

ನಮ್ಮ ಕಡೆ ಇದನ್ನೆಲ್ಲಾ ಸೇರಿಸಿ "ನಂಜು", "ಪಿತ್ತ", "ಮೈಗೆ ಒಗ್ಗೋದಿಲ್ಲ" ಎಂದುಬಿಡುತ್ತೇವೆ. ಆದರೆ ಎಲ್ಲವೂ ಒಂದೇ ಅಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಹಾಲಿನಲ್ಲಿರುವ ಸಕ್ಕರೆ ಅಂಶ ಜೀರ್ಣವಾಗುತ್ತಿಲ್ಲ ಅಷ್ಟೆ. ಕಷ್ಟ ಇದೆ, ಪ್ರಾಣಾಪಾಯ ಇಲ್ಲ. ಹಾಲಿನ ಅಲರ್ಜಿ ಬೇರೆ. ಅಲ್ಲಿ ಒಂದು ಚಮಚವೂ ಹೆಚ್ಚಾಗಬಹುದು. ಸೀಲಿಯಾಕ್ ಎನ್ನುವ ಕಾಯಿಲೆ ಇನ್ನೂ ಬೇರೆ. ಅದರಲ್ಲಿ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಟಿನ ಸತ್ವ ಕರುಳನ್ನು ನಿಧಾನವಾಗಿ ಹಾಳು ಮಾಡುತ್ತದೆ. ಗಂಧೆ ಏಳುವುದಿಲ್ಲ, ಆದರೆ ಮಗು ಬೆಳೆಯುವುದಿಲ್ಲ.

ಇದು ಪಟ್ಟಣದವರ, ದುಡ್ಡಿದ್ದವರ ಕಾಯಿಲೆ ಎಂದು ತಿಳಿಯಬೇಡಿ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಬಗ್ಗೆ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. 100 ಜನರಲ್ಲಿ ಸುಮಾರು 26 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಗುರುತು ಕಂಡಿತು. ಆದರೆ ರಕ್ತದಲ್ಲಿ ಗುರುತೂ ಇದ್ದು, ತಿಂದಾಗ ತೊಂದರೆಯೂ ಆಗುವವರು 100ಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಹಾಲು ಮತ್ತು ಸೇಬು ಮುಂದಿದ್ದವು.

ಇದರಿಂದ ಎರಡು ಪಾಠ. ಒಂದು, ರಕ್ತ ಪರೀಕ್ಷೆಯ ಚೀಟಿ ನೋಡಿ ಹೆದರಿ, ಮಕ್ಕಳಿಗೆ ಹಾಲು, ಮೊಟ್ಟೆ, ಕಡಲೆಕಾಯಿ ಎಲ್ಲಾ ನಿಲ್ಲಿಸಬಾರದು. ತಿಂದಾಗ ಏನಾಗುತ್ತದೆ ಎನ್ನುವುದೂ ಮುಖ್ಯ, ಡಾಕ್ಟರ ಸಲಹೆಯೂ ಮುಖ್ಯ. ಎರಡು, 100ಕ್ಕೆ ಒಬ್ಬರು ಎಂದರೆ ಕಡಿಮೆ ಅಲ್ಲ. ಮೇಳದಲ್ಲಿ ನಾವು 500 ಜನಕ್ಕೆ ಪೊಟ್ಟಣ ಮಾರಿದರೆ, ಅವರಲ್ಲಿ ನಾಲ್ಕೈದು ಮಂದಿಗೆ ಯಾವುದೋ ಒಂದು ಆಹಾರ ಆಗದಿರಬಹುದು. ಅವರು ಯಾರು ಎಂದು ಮುಖ ನೋಡಿ ಹೇಳಲಿಕ್ಕಾಗುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಇದೆ. ಇದರ ಉಸ್ತುವಾರಿ ಎಫ್‌ಎಸ್‌ಎಸ್‌ಎಐ ಎಂಬ ಪ್ರಾಧಿಕಾರದ್ದು. ನಮ್ಮ ಪೊಟ್ಟಣದ ಮೇಲೆ ಹಾಕುವ 14 ಅಂಕಿಯ ನಂಬರು ಇವರದೇ. ಪೊಟ್ಟಣದ ಚೀಟಿ ಬಗ್ಗೆ ಈ ಪ್ರಾಧಿಕಾರ 2020ರಲ್ಲಿ ಹೊಸ ನಿಯಮಗಳನ್ನು ಮಾಡಿತು. ಅದರ ಪ್ರಕಾರ, ಈ ಕೆಳಗಿನ 8 ಗುಂಪಿನ ಪದಾರ್ಥಗಳು ಆಹಾರದಲ್ಲಿದ್ದರೆ "ಇದರಲ್ಲಿ ಇದೆ" ಎಂದು ಹೆಸರು ಹೇಳಿ ಬೇರೆಯಾಗಿ ಬರೆಯಬೇಕು.

1. ಗ್ಲುಟೆನ್ ಇರುವ ಧಾನ್ಯಗಳು – ಗೋಧಿ, ಬಾರ್ಲಿ, ರೈ, ಓಟ್ಸ್ ಮುಂತಾದವು. ಮೈದಾ, ರವೆ ಇದರಲ್ಲೇ ಬಂದವು.
2. ಸಿಗಡಿ, ಏಡಿಯಂಥ ಚಿಪ್ಪಿನ ಜೀವಿಗಳು.
3. ಹಾಲು ಮತ್ತು ಹಾಲಿನಿಂದ ಮಾಡಿದ್ದು – ಬೆಣ್ಣೆ, ತುಪ್ಪ, ಖೋವಾ, ಹಾಲಿನ ಪುಡಿ.
4. ಮೊಟ್ಟೆ.
5. ಮೀನು.
6. ಕಡಲೆಕಾಯಿ ಬೀಜ, ಗೋಡಂಬಿ, ಬಾದಾಮಿ ಮುಂತಾದವು.
7. ಸೋಯಾ.
8. ಸಲ್ಫೈಟ್ ಎಂಬ ರಾಸಾಯನಿಕ – ಒಂದು ಕಿಲೋದಲ್ಲಿ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ.

ನಾವು ಹಾಕದೇ ಇದ್ದರೂ ಅದೇ ಪಾತ್ರೆ, ಅದೇ ಮಿಕ್ಸಿಯಿಂದ ಸ್ವಲ್ಪ ಸೇರುವ ಸಾಧ್ಯತೆ ಇದ್ದರೆ "ಬೆರೆತಿರಬಹುದು" ಎಂದು ಬೇರೆ ಸಾಲಿನಲ್ಲಿ ತಿಳಿಸಲು ಅವಕಾಶ ಇದೆ. ಹೊಲದಿಂದ ಬಂದ ಹಾಗೇ ಮಾರುವ ಕಚ್ಚಾ ಧಾನ್ಯ, ಕಾಳುಗಳಿಗೆ ಈ ಅಲರ್ಜಿ ಸಾಲಿನ ನಿಯಮ ಇಲ್ಲ.

"ಕಣ್ಣಿಗೆ ಕಾಣೋದಿಲ್ವಾ?" – ತಿಳುವಳಿಕೆ ಎಲ್ಲಿ ಸೋಲುತ್ತದೆ?

ಚಿಕ್ಕಿಯಲ್ಲಿ ಕಡಲೆಕಾಯಿ ಕಾಣುತ್ತದೆ, ನಿಜ. ಆದರೆ ನಾವು ಮಾರುವುದರಲ್ಲಿ ಹೆಚ್ಚಿನದು ಪುಡಿ, ಹಿಟ್ಟು, ಉಂಡೆ. ಒಮ್ಮೆ ಮಿಕ್ಸಿಗೆ ಹೋದ ಮೇಲೆ ಯಾವುದು ಏನೆಂದು ಯಾರ ಕಣ್ಣಿಗೂ ಕಾಣುವುದಿಲ್ಲ. ಕೆಲವು ಉದಾಹರಣೆ ನೋಡಿ.

ಇಂಗು: ಅಂಗಡಿಯಲ್ಲಿ ಸಿಗುವ ಇಂಗು ಶುದ್ಧ ಇಂಗಲ್ಲ. ಅದಕ್ಕೆ ಗೋಂದು ಮತ್ತು ಹಿಟ್ಟು ಸೇರಿಸಿರುತ್ತಾರೆ. ಹೆಚ್ಚಾಗಿ ಅದು ಗೋಧಿ ಹಿಟ್ಟು ಅಥವಾ ಮೈದಾ. ಇಂಗಿನ ಡಬ್ಬಿಯ ಮೇಲೆ ಓದಿ ನೋಡಿ. ಹಾಗಿರುವಾಗ ಉಪ್ಪಿನಕಾಯಿಯಲ್ಲಿ ಗೋಧಿ ಇರಬಹುದೆಂದು ಯಾವ ತಾಯಿಗೆ ಹೊಳೆದೀತು?

ಬೆಲ್ಲ: ಬೆಲ್ಲ ಹಳದಿಯಾಗಿ, ಬೆಳ್ಳಗೆ ಕಾಣಲಿ ಎಂದು ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಹಾಕುತ್ತಾರೆ. ಇದು ಗಂಧಕದ ರಾಸಾಯನಿಕ. ಇದರಿಂದ ಬೆಲ್ಲದಲ್ಲಿ ಸಲ್ಫೈಟ್ ಉಳಿಯುತ್ತದೆ. ಉಬ್ಬಸ ಇರುವ ಕೆಲವರಿಗೆ ಇದು ಉಸಿರುಕಟ್ಟಿಸಬಹುದು. ನೋಡಲು ಚೆಂದದ ಬೆಲ್ಲ ಹಾಕಿದ ಚಿಕ್ಕಿಗಿಂತ ಕಪ್ಪಗಿನ ಬೆಲ್ಲದ ಚಿಕ್ಕಿ ಎಷ್ಟೋ ಮೇಲು.

ರಾಗಿ ಹುರಿಹಿಟ್ಟು: ರಾಗಿ, ನವಣೆ, ಸಾಮೆಯಲ್ಲಿ ಗ್ಲುಟೆನ್ ಇಲ್ಲ. ಆದ್ದರಿಂದ ಸೀಲಿಯಾಕ್ ಇರುವವರು ಇವನ್ನೇ ಹುಡುಕಿಕೊಂಡು ಬರುತ್ತಾರೆ. ಆದರೆ ಗಿರಣಿಯಲ್ಲಿ ನಮಗಿಂತ ಮುಂಚೆ ಗೋಧಿ ಬೀಸಿದ್ದರೆ? ಆ ಗೋಧಿ ಹಿಟ್ಟು ನಮ್ಮ ರಾಗಿಗೆ ಸೇರಿತು. "ಗ್ಲುಟೆನ್ ಇಲ್ಲ" ಎಂದು ಚೀಟಿಯಲ್ಲಿ ಹಾಕಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಇರಕೂಡದು ಎಂಬ ಮಿತಿ ಇದೆ. ಇದನ್ನು ಪ್ರಯೋಗಾಲಯದಲ್ಲಿ ಅಳೆಯಬೇಕೇ ಹೊರತು ಅಂದಾಜಿನಲ್ಲಿ ಬರೆಯುವಂತಿಲ್ಲ.

ಇನ್ನು ನಮ್ಮಲ್ಲೇ ಆಗಬಹುದಾದ ಒಂದು ಸಂಗತಿ. ಒಂದು ಸಂಘ ಕೊಬ್ಬರಿ ಚಟ್ನಿಪುಡಿ ಮಾಡುತ್ತಿದೆ ಎಂದುಕೊಳ್ಳಿ. ಕೊಬ್ಬರಿ ರೇಟು ಏರಿತು. "ಅರ್ಧ ಕೊಬ್ಬರಿ ತೆಗೆದು ಕಡ್ಲೆಕಾಯಿ ಬೀಜ ಹಾಕೋಣ, ರುಚಿನೂ ಚೆನ್ನಾಗಿರುತ್ತೆ" ಎಂದು ಸದಸ್ಯೆಯರು ತೀರ್ಮಾನಿಸಿದರು. ಒಳ್ಳೆಯ ಉಪಾಯವೇ. ಆದರೆ ಹಿಂದೆ ಪ್ರಿಂಟ್ ಹಾಕಿಸಿದ ಸಾವಿರ ಚೀಟಿ ಉಳಿದಿತ್ತು, ಅದನ್ನೇ ಅಂಟಿಸಿದರು. ಎರಡು ವರ್ಷದಿಂದ ಇದೇ ಪುಡಿಯನ್ನು ನಂಬಿ ಮಗನಿಗೆ ದೋಸೆ ಜೊತೆ ಹಾಕುತ್ತಿದ್ದ ಒಬ್ಬ ತಾಯಿ ಈ ಸಲವೂ ಕೊಂಡು ಹೋದಳು. ಮಗನಿಗೆ ಕಡಲೆಕಾಯಿ ಆಗುವುದಿಲ್ಲ. ಆಕೆ ದಡ್ಡಿಯಲ್ಲ. ಓದಿ ನೋಡಿದ್ದಾಳೆ, ಯೋಚನೆ ಮಾಡಿದ್ದಾಳೆ. ಆದರೂ ಮೋಸ ಹೋದಳು. ಏಕೆಂದರೆ ಬುದ್ಧಿ ಕೆಲಸ ಮಾಡುವುದು ತಿಳಿದದ್ದರ ಮೇಲೆ. ತಿಳಿಸಬೇಕಾದವರು ನಾವು, ನಾವೇ ತಿಳಿಸಲಿಲ್ಲ.

ಇಲ್ಲಿ ಮಾತಿನ ಗೊಂದಲವೂ ಸೇರಿಕೊಳ್ಳುತ್ತದೆ. ನಮ್ಮ ಕನ್ನಡದಲ್ಲಿ "ಕಡಲೆ" ಎಂದರೆ ಒಬ್ಬೊಬ್ಬರಿಗೆ ಒಂದೊಂದು. ಕಡಲೆಬೇಳೆ ಇದೆ, ಹುರಿಗಡಲೆ ಇದೆ, ಕೆಲವರು ಅದನ್ನು ಪುಟಾಣಿ ಎನ್ನುತ್ತಾರೆ. ಕಡಲೆಕಾಯಿ ಇದೆ, ಅದೇ ಉತ್ತರ ಕರ್ನಾಟಕದಲ್ಲಿ ಶೇಂಗಾ, ಮಂಗಳೂರಿನ ಕಡೆ ನೆಲಗಡಲೆ. ಚೀಟಿಯಲ್ಲಿ ಬರೀ "ಕಡ್ಲೆ" ಎಂದು ಬರೆದರೆ ಓದಿದವರಿಗೆ ಏನು ತಿಳಿದೀತು? "ಕಡಲೆಕಾಯಿ ಬೀಜ (ಶೇಂಗಾ)" ಎಂದೇ ಬರೆಯಬೇಕು. ಹಾಗೆಯೇ ರವೆ, ಮೈದಾ ಎಂದು ಬರೆದ ಕಡೆ "ಗೋಧಿ" ಎಂಬ ಪದವೂ ಇರಬೇಕು.

"ಬರೆದರೆ ಮುಗೀತು" – ನಿಯಮ ಎಲ್ಲಿ ಸೋಲುತ್ತದೆ?

ಹಾಗಾದರೆ 8 ಹೆಸರು ಬರೆದುಬಿಟ್ಟರೆ ಸಾಕೇ? ಸಾಲದು. ನಿಯಮಕ್ಕೂ ಕಾಣದ ಮೂಲೆಗಳಿವೆ.

ಮೊದಲನೆಯದು ಎಳ್ಳು. ಸಂಕ್ರಾಂತಿಯ ಎಳ್ಳು-ಬೆಲ್ಲ, ಎಳ್ಳುಂಡೆ, ಚಕ್ಕುಲಿ, ಚಟ್ನಿಪುಡಿ – ನಮ್ಮಲ್ಲಿ ಎಳ್ಳಿಲ್ಲದ ಅಡುಗೆಮನೆ ಇಲ್ಲ. ಎಳ್ಳಿನ ಅಲರ್ಜಿ ಕೂಡ ಪ್ರಾಣಕ್ಕೆ ಬರುವಷ್ಟು ಜೋರಾಗಿರುತ್ತದೆ. ಆದರೆ ನಮ್ಮ 2020ರ ನಿಯಮದ 8ರ ಪಟ್ಟಿಯಲ್ಲಿ ಎಳ್ಳು ಇಲ್ಲ. ಯುರೋಪಿನ ದೇಶಗಳ ಪಟ್ಟಿಯಲ್ಲಿ 14 ಹೆಸರಿವೆ. ಅದರಲ್ಲಿ ಎಳ್ಳು, ಸಾಸಿವೆ, ಮತ್ತು ಮರುವಾಯಿಯಂಥ ಮೃದ್ವಂಗಿಗಳೂ ಸೇರಿವೆ. ಪಟ್ಟಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದಲ್ಲ.

ಪಟ್ಟಿಯಲ್ಲಿ ಇದ್ದರೂ ಏನಾಗಬಹುದು ಎನ್ನುವುದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಒಂದು ದುಃಖದ ಘಟನೆ ಸಾಕ್ಷಿ. 2016ರ ಜುಲೈ 17ರಂದು ನತಾಶಾ ಎಡ್ನನ್-ಲಪರೂಸ್ ಎಂಬ 15 ವರ್ಷದ ಹುಡುಗಿ ಲಂಡನ್ ವಿಮಾನ ನಿಲ್ದಾಣದ ಒಂದು ಅಂಗಡಿಯಲ್ಲಿ ಬ್ರೆಡ್ಡಿನ ತಿಂಡಿ ಕೊಂಡಳು. ಅವಳಿಗೆ ಎಳ್ಳು ಆಗುತ್ತಿರಲಿಲ್ಲ. ತಂದೆ-ಮಗಳು ಪೊಟ್ಟಣ ನೋಡಿದರು, ಎಳ್ಳಿನ ಹೆಸರು ಇರಲಿಲ್ಲ. ಬ್ರೆಡ್ಡಿನ ಮೇಲೆ ಎಳ್ಳು ಕಾಣಲೂ ಇಲ್ಲ. ಏಕೆಂದರೆ ಎಳ್ಳನ್ನು ಹಿಟ್ಟಿನ ಒಳಗೇ ಕಲಸಿ ಬೇಯಿಸಿದ್ದರು. ವಿಮಾನದಲ್ಲಿ ಅವಳಿಗೆ ಉಸಿರುಕಟ್ಟಿತು. ತಂದೆ ಎರಡು ಚುಚ್ಚುಮದ್ದು ಕೊಟ್ಟರೂ ಅವಳು ಉಳಿಯಲಿಲ್ಲ. ಅಂಗಡಿಯಲ್ಲೇ ತಯಾರಿಸಿ ಅಲ್ಲೇ ಪೊಟ್ಟಣ ಕಟ್ಟಿದ ತಿಂಡಿಗೆ ಚೀಟಿಯಲ್ಲಿ ಎಲ್ಲಾ ಬರೆಯಬೇಕೆಂಬ ನಿಯಮ ಆಗ ಅಲ್ಲಿ ಇರಲಿಲ್ಲ. ಅವಳ ತಂದೆ-ತಾಯಿ ಹೋರಾಡಿದರು. 2021ರ ಅಕ್ಟೋಬರ್ 1ರಿಂದ ಅಲ್ಲಿ ಹೊಸ ನಿಯಮ ಬಂತು. ಜನ ಅದನ್ನು "ನತಾಶಾ ಕಾನೂನು" ಎಂದೇ ಕರೆಯುತ್ತಾರೆ.

ನಾವು ಮಾಡುವುದೂ ಅದೇ ಅಲ್ಲವೇ? ನಮ್ಮ ಅಡುಗೆಮನೆಯಲ್ಲೇ ತಯಾರಿಸಿ, ಅಲ್ಲೇ ಕಟ್ಟಿ ಕೊಡುತ್ತೇವೆ.

ಎರಡನೆಯದು ಸಣ್ಣ ಪೊಟ್ಟಣ. ಪೊಟ್ಟಣದ ಮೇಲ್ಮೈ ಬಹಳ ಚಿಕ್ಕದಿದ್ದರೆ, ಅಂದರೆ 100 ಚದರ ಸೆಂಟಿಮೀಟರ್‌ನಷ್ಟೂ ಇಲ್ಲದಿದ್ದರೆ, ಪದಾರ್ಥಗಳ ಪಟ್ಟಿಗೆ ವಿನಾಯಿತಿ ಇದೆ. ಅದನ್ನು ದೊಡ್ಡ ಪೊಟ್ಟಣದ ಮೇಲೆ ಹಾಕಿದರೆ ನಡೆಯುತ್ತದೆ. ಆದರೆ ಶಾಲೆ ಮುಂದಿನ ಅಂಗಡಿಯಲ್ಲಿ ಮಗು ಕೊಳ್ಳುವುದು ಒಂದು ತುಂಡು ಚಿಕ್ಕಿಯನ್ನೇ. ದೊಡ್ಡ ಪೊಟ್ಟಣ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಮೂರನೆಯದು ಭಾಷೆ. ನಿಯಮದ ಪ್ರಕಾರ ಚೀಟಿಯ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಕನ್ನಡವನ್ನು ಅದರ ಜೊತೆಗೆ ಸೇರಿಸಬಹುದು, ಆದರೆ ಈ ನಿಯಮ ಅದನ್ನು ಕಡ್ಡಾಯ ಮಾಡಿಲ್ಲ. ಹಾಗಾದರೆ ಕನ್ನಡ ಮಾತ್ರ ಓದಬಲ್ಲ ನಮ್ಮ ಅಕ್ಕ-ತಂಗಿಯರಿಗೆ ಆ ಚೀಟಿ ಇದ್ದೂ ಇಲ್ಲದ ಹಾಗೆ. ಇದನ್ನು ಸರಿಪಡಿಸುವುದು ನಮ್ಮ ಕೈಯಲ್ಲೇ ಇದೆ. ಕನ್ನಡದ ಒಂದು ಸಾಲು ಹೆಚ್ಚು ಬರೆಯಬೇಡಿ ಎಂದು ಯಾವ ಕಾಯ್ದೆಯೂ ತಡೆದಿಲ್ಲ. ಆದರೆ ಎರಡು ಭಾಷೆಯಲ್ಲೂ ವಿಷಯ ಒಂದೇ ಇರಬೇಕು.

ನಾಲ್ಕನೆಯದು ಚೀಟಿಯೇ ಇಲ್ಲದ ಊಟ. ಮದುವೆ, ಊರ ಹಬ್ಬ, ಸಂಘದ ವಾರ್ಷಿಕೋತ್ಸವ, ಬೀದಿ ಬದಿಯ ಗಾಡಿ. ಇಲ್ಲಿ ಬಡಿಸುವವರ ಬಾಯಿಯೇ ಚೀಟಿ.

ಹೆದರಿ ಎಲ್ಲವನ್ನೂ ಬರೆದರೆ?

"ಹಾಗಾದ್ರೆ ಎಂಟೂ ಹೆಸರು ಬರೆದುಬಿಡೋಣ, ಯಾರೂ ಕೇಳೋ ಹಾಗಿಲ್ಲ" ಎನ್ನುವವರಿದ್ದಾರೆ. ಇದು ಜಾಣತನದ ಹಾಗೆ ಕಂಡರೂ ಒಳ್ಳೆಯದಲ್ಲ. ಎಲ್ಲಾ ಪೊಟ್ಟಣದ ಮೇಲೂ ಎಲ್ಲಾ ಹೆಸರಿದ್ದರೆ ಓದುವವರು ಏನು ಮಾಡಬೇಕು? ಒಂದೋ ಏನನ್ನೂ ಕೊಳ್ಳುವುದಿಲ್ಲ, ಇಲ್ಲವೆ "ಇವರು ಸುಮ್ನೆ ಬರೀತಾರೆ" ಎಂದು ನಿಜವಾದ ಎಚ್ಚರಿಕೆಯನ್ನೂ ನಂಬದೆ ತಿಂದುಬಿಡುತ್ತಾರೆ. ತೋಳ ಬಂತು ತೋಳ ಎಂದು ದಿನಾ ಕೂಗಿದ ಹುಡುಗನ ಕಥೆ ನಿಮಗೆ ಗೊತ್ತೇ ಇದೆ.

ಅಮೆರಿಕದಲ್ಲಿ ಇಂಥದ್ದೇ ಒಂದು ವಿಚಿತ್ರ ಆಯಿತು. 2023ರ ಜನವರಿ 1ರಿಂದ ಅಲ್ಲಿ ಎಳ್ಳನ್ನೂ ಅಲರ್ಜಿ ಪಟ್ಟಿಗೆ ಸೇರಿಸಿದರು. ಎಳ್ಳು ಸ್ವಲ್ಪವೂ ತಾಗದಂತೆ ಯಂತ್ರ ತೊಳೆಯುವುದು ಕಷ್ಟ ಎಂದು ಕೆಲವು ಬೇಕರಿ ಕಂಪನಿಗಳು, ಮೊದಲು ಎಳ್ಳೇ ಇಲ್ಲದ ಬ್ರೆಡ್ಡಿಗೂ ಬೇಕೆಂದೇ ಸ್ವಲ್ಪ ಎಳ್ಳಿನ ಹಿಟ್ಟು ಸೇರಿಸಿ "ಎಳ್ಳು ಇದೆ" ಎಂದು ಬರೆದವು. ಕಾನೂನಿಗೆ ಉತ್ತರ ಸಿಕ್ಕಿತು. ಆದರೆ ಎಳ್ಳು ಆಗದವರಿಗೆ ತಿನ್ನಲು ಇದ್ದ ಬ್ರೆಡ್ಡೂ ಹೋಯಿತು. ಯಾರಿಗಾಗಿ ನಿಯಮ ಮಾಡಿದರೋ ಅವರಿಗೇ ತೊಂದರೆ. ನಿಯಮ ಏಕೆ ಇದೆ ಎಂಬುದನ್ನು ಮರೆತರೆ ಹೀಗಾಗುತ್ತದೆ.

ಹಾಗಾದರೆ ಯಾವುದು ಸರಿ? ಬರೆಯುವವರಿಗೆ ನಿಯಮ ಬೇಕು, ಏಕೆಂದರೆ ಒಳಗೆ ಏನಿದೆ ಎಂಬುದು ನಮಗೆ ಮಾತ್ರ ಗೊತ್ತು. ಓದುವವರಿಗೆ ತಿಳುವಳಿಕೆ ಬೇಕು, ಏಕೆಂದರೆ ತಮ್ಮ ಮೈಗೆ ಏನು ಆಗದು ಎಂಬುದು ಅವರಿಗೆ ಮಾತ್ರ ಗೊತ್ತು. ನಾವು ಪ್ರಾಮಾಣಿಕವಾಗಿ ಹೇಳಿದರೆ ಮಾತ್ರ ಅವರ ಬುದ್ಧಿಗೆ ಕೆಲಸ.

ನಮ್ಮ ಸಂಘದಲ್ಲಿ ಏನು ಮಾಡಬಹುದು?

1. ಒಂದು ನೋಟ್‌ಬುಕ್ ಇಡಿ. ಪ್ರತಿ ಪದಾರ್ಥಕ್ಕೆ ಏನೇನು ಹಾಕುತ್ತೀರಿ ಎಂದು ಬರೆಯಿರಿ. ಇಂಗು, ಮಸಾಲೆ ಪುಡಿ, ಬೆಲ್ಲದಂಥ ಕೊಂಡು ತಂದ ವಸ್ತುವಿನ ಚೀಟಿಯನ್ನೂ ಓದಿ ಅದರಲ್ಲಿರುವುದನ್ನು ಸೇರಿಸಿ.

2. ಪದಾರ್ಥ ಬದಲಾದ ದಿನವೇ ಚೀಟಿ ಬದಲಾಗಲಿ. ಹೊಸ ಚೀಟಿ ಬರುವವರೆಗೆ ಹೊಸ ಪುಡಿ ಮಾರಬೇಡಿ. ಹಳೆ ಚೀಟಿ ಉಳಿದರೆ ನಷ್ಟ ಕೆಲವು ನೂರು ರೂಪಾಯಿ ಮಾತ್ರ.

3. ಕೆಲಸದ ಸರದಿ ಇಟ್ಟುಕೊಳ್ಳಿ. ಕಡಲೆಕಾಯಿ, ಎಳ್ಳು, ಗೋಧಿ ಇಲ್ಲದ ಪದಾರ್ಥವನ್ನು ಬೆಳಿಗ್ಗೆ ಮೊದಲು ಮಾಡಿ. ಇರುವುದನ್ನು ಆಮೇಲೆ ಮಾಡಿ. ಖರ್ಚಿಲ್ಲದ ಉಪಾಯ ಇದು. ಗಿರಣಿಯಲ್ಲೂ ಗೋಧಿಗಿಂತ ಮೊದಲು ನಿಮ್ಮ ರಾಗಿ ಹಾಕಿಸಲು ಕೇಳಿ.

4. ಒರೆಸಿದರೆ ಸಾಲದು, ತೊಳೆಯಬೇಕು. ಮಿಕ್ಸಿ ಜಾರು, ಅದರ ಮುಚ್ಚಳದ ರಬ್ಬರು, ಜರಡಿ, ಬಾಣಲೆ, ಸೌಟು ಎಲ್ಲಕ್ಕೂ ಸೋಪು ಹಾಕಿ ತೊಳೆಯಿರಿ. ಕೈಯನ್ನೂ ಸೋಪಿನಿಂದಲೇ ತೊಳೆಯಬೇಕು. ಬರೀ ನೀರು, ಸ್ಯಾನಿಟೈಜರ್‌ನಿಂದ ಕಡಲೆಕಾಯಿ ಅಂಶ ಪೂರ್ತಿ ಹೋಗುವುದಿಲ್ಲ. ಕಡಲೆಕಾಯಿ ಬೀಜ ಹುರಿದರೂ ಅದರ ಅಲರ್ಜಿ ಗುಣ ಸಾಯುವುದಿಲ್ಲ. ಚಕ್ಕುಲಿ ಕರಿದ ಎಣ್ಣೆಯಲ್ಲೇ ಸಿಗಡಿ, ಸಿಗಡಿ ಕರಿದ ಎಣ್ಣೆಯಲ್ಲೇ ಹಪ್ಪಳ ಬೇಡ.

5. ಎರಡು ಸಾಲು ದಪ್ಪ ಅಕ್ಷರದಲ್ಲಿ ಬರಲಿ. ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇರಲಿ. ಮಾದರಿ ಹೀಗಿದೆ:

ಇದರಲ್ಲಿ ಇದೆ: ಕಡಲೆಕಾಯಿ ಬೀಜ (ಶೇಂಗಾ), ಗೋಧಿ (ಇಂಗಿನಲ್ಲಿ), ಎಳ್ಳು.
ಬೆರೆತಿರಬಹುದು: ಹಾಲು.

ಎಳ್ಳನ್ನು ಬರೆಯಬೇಕೆಂದು ಪಟ್ಟಿ ಹೇಳುವುದಿಲ್ಲ, ನಾವೇ ಬರೆಯೋಣ. "ಬೆರೆತಿರಬಹುದು" ಎನ್ನುವ ಸಾಲನ್ನು ನಿಜವಾಗಿ ಬೆರೆಯುವ ಸಾಧ್ಯತೆ ಇದ್ದರೆ ಮಾತ್ರ ಹಾಕೋಣ. ತೊಳೆಯುವ ಕೆಲಸ ತಪ್ಪಿಸಿಕೊಳ್ಳಲಿಕ್ಕೆ ಅಲ್ಲ.

6. ಮೇಳದಲ್ಲಿ ಅಂಗಡಿಗೆ ಕೂರುವ ಸದಸ್ಯೆಗೆ ಒಳಗೆ ಏನಿದೆ ಎಂದು ಗೊತ್ತಿರಲಿ. ಗೊತ್ತಿಲ್ಲದಿದ್ದರೆ "ಏನೂ ಆಗಲ್ಲ, ತಗೊಳ್ಳಿ" ಎಂದು ಹೇಳಬಾರದು. "ನನಗೆ ಗೊತ್ತಿಲ್ಲಮ್ಮ, ಬೇಡ" ಎಂದರೆ ಒಂದು ಪೊಟ್ಟಣ ಕಡಿಮೆ ಮಾರಾಟ ಆಗಬಹುದು. ಆದರೆ ಸಂಘದ ಮೇಲಿನ ನಂಬಿಕೆ ಉಳಿಯುತ್ತದೆ.

ಕೊಳ್ಳುವಾಗ, ಮನೆಯಲ್ಲಿ

ಅಲರ್ಜಿ ಇರುವ ಮಗು ಮನೆಯಲ್ಲಿದ್ದರೆ ಪ್ರತಿ ಸಲವೂ ಚೀಟಿ ಓದಿ. ಕಳೆದ ಸಲ ಸರಿ ಇತ್ತು ಎಂದು ಈ ಸಲ ಬಿಡಬೇಡಿ. ನಿಮಗೆ ಓದಲು ಬಾರದಿದ್ದರೆ ಮಕ್ಕಳಿಂದಲೋ ಅಂಗಡಿಯವರಿಂದಲೋ ಓದಿಸಿ, ಅದರಲ್ಲಿ ನಾಚಿಕೆ ಬೇಡ. ಅಂಗನವಾಡಿ ಕಾರ್ಯಕರ್ತೆಗೆ, ಶಾಲೆಯ ಅಡುಗೆಯವರಿಗೆ, ನೆಂಟರಿಗೆ ಮುಂಚೆಯೇ ತಿಳಿಸಿ. "ಒಂದ್ ಚೂರು ತಿಂದ್ರೆ ಏನಾಗುತ್ತೆ, ತಿಂತಾ ತಿಂತಾ ಒಗ್ಗುತ್ತೆ" ಎಂದು ಅತ್ತೆಯವರೋ ಅಜ್ಜಿಯೋ ಪ್ರೀತಿಯಿಂದಲೇ ಹೇಳಬಹುದು. ಅವರಿಗೆ ಎದುರಾಡದೆ, ಡಾಕ್ಟರು ಹೇಳಿದ್ದನ್ನು ನಿಧಾನವಾಗಿ ತಿಳಿಸಿ. ಮನೆಯಲ್ಲಿ ಇಂಥ ಪ್ರಯೋಗ ಖಂಡಿತ ಬೇಡ.

ತಿಂದ ಮೇಲೆ ಉಸಿರಾಟ ಕಷ್ಟವಾದರೆ, ಗಂಟಲು ಬಿಗಿದರೆ, ಧ್ವನಿ ಬದಲಾದರೆ, ಮಂಪರು ಬಂದರೆ ತಡ ಮಾಡಬೇಡಿ. ಕಂಬಳಿಯಲ್ಲಿ ಉಜ್ಜುವುದು, ಮಜ್ಜಿಗೆ ಕುಡಿಸುವುದು, ದೃಷ್ಟಿ ತೆಗೆಯುವುದು ಇವುಗಳಲ್ಲಿ ಹೊತ್ತು ಕಳೆಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ನಡೆಸಬೇಡಿ. ಮಲಗಿಸಿ ಕಾಲು ಸ್ವಲ್ಪ ಎತ್ತರದಲ್ಲಿಡಿ. ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ. ಇದಕ್ಕೆ ಮುಖ್ಯ ಔಷಧ ತೊಡೆಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. ಮಕ್ಕಳಿಗೆ ಲಸಿಕೆ ಹಾಕುವ ಕಡೆ ತುರ್ತಿಗೆಂದು ಇಟ್ಟುಕೊಳ್ಳುವುದೂ ಇದನ್ನೇ. "ಇಂಥದ್ದು ತಿಂದ ಮೇಲೆ ಹೀಗಾಯಿತು" ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ, ಪೊಟ್ಟಣ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ. ಸುಧಾರಿಸಿದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಿ. ಕೆಲವೊಮ್ಮೆ ತೊಂದರೆ ಎರಡನೇ ಸಲ ಮರುಕಳಿಸುತ್ತದೆ.

ಸಹೋದರಿಯರೇ, ನಮ್ಮ ಪೊಟ್ಟಣ ಕೊಳ್ಳುವವರು ನಮ್ಮ ಅಡುಗೆಮನೆಗೆ ಬಂದು ನೋಡಲಾರರು. ಆ ಎರಡು ಸಾಲೇ ಅವರಿಗೆ ನಮ್ಮ ಅಡುಗೆಮನೆಯ ಕಿಟಕಿ. ಅದನ್ನು ಮುಚ್ಚಿಟ್ಟು "ನೋಡಿ ತಿನ್ನಬೇಕಿತ್ತು" ಎಂದು ಅವರನ್ನು ದೂರಿದರೆ ನ್ಯಾಯವಾಗುವುದಿಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಿ:

- ನಮ್ಮ ಸಂಘ ಮಾರುವ ಪ್ರತಿ ಪದಾರ್ಥದಲ್ಲಿ ಮೇಲಿನ 8ರಲ್ಲಿ ಯಾವುದು ಇದೆ? ಎಳ್ಳು, ಸಾಸಿವೆ ಯಾವುದರಲ್ಲಿದೆ?
- ನಾವು ಬಳಸುವ ಇಂಗಿನ ಡಬ್ಬಿಯ ಮೇಲೆ ಏನು ಬರೆದಿದೆ? ತಂದು ಎಲ್ಲರ ಮುಂದೆ ಓದಿ.
- ನಮ್ಮ ಬೆಲ್ಲ ಎಲ್ಲಿಂದ ಬರುತ್ತದೆ? ಹೈಡ್ರೋಸ್ ಹಾಕಿದ್ದೇ ಎಂದು ಕೇಳಿದ್ದೇವೆಯೇ?
- ಕಳೆದ ಒಂದು ವರ್ಷದಲ್ಲಿ ಯಾವ ಪದಾರ್ಥದ ಅಳತೆ ಅಥವಾ ಸಾಮಗ್ರಿ ಬದಲಾಗಿದೆ? ಚೀಟಿ ಬದಲಾಗಿದೆಯೇ?
- ನಮ್ಮ ಸದಸ್ಯೆಯರ ಮನೆಗಳಲ್ಲಿ ಯಾವುದಾದರೂ ಆಹಾರ ಆಗದ ಮಕ್ಕಳಿದ್ದಾರೆಯೇ? ಅಂಗನವಾಡಿಗೆ, ಶಾಲೆಗೆ ತಿಳಿಸಿದ್ದೇವೆಯೇ?

ತೀರ್ಮಾನವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು, ಯಾರು ಯಾವ ಕೆಲಸ ಮಾಡುತ್ತೀರಿ ಎಂದು ಹೆಸರು ಹಾಕಿಕೊಳ್ಳಿ.